ನಾಲ್ಕನೆಯ ಬೆಸುಗೆ

ನಮ್ಮವರ ಸೊಂಟದ ಕೀಲಿನ ಆಪರೇಷನ್ ಆದ ಮೇಲೆ ಡಾಕ್ಟರು ಹೇಳಿದ ಹತ್ತಾರು ಮಾತುಗಳಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಎರಡೇ. ಸೈಕಲ್ ತುಳಿಯಬಹುದು, ಕೀಲಿಗೆ ಒಳ್ಳೆಯದು. ಆದರೆ ಕಾಲು ಹಿಂದಕ್ಕೆ ಬೀಸಿ ಹತ್ತಬಾರದು, ಬೀಳಲಂತೂ ಬಾರದು. ಇವರು ಮೊದಲನೆಯದನ್ನು ಕೇಳಿ ನಕ್ಕರು. ನಾನು ಎರಡನೆಯದನ್ನು ಹಿಡಿದುಕೊಂಡು ಉಳ್ಳೂರಿನ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಇವರ ಹಳೆಯ ಸೈಕಲ್ಲಿನ ಮೇಲಿನ ಅಡ್ಡಕಂಬಿಯನ್ನು ಮನಸ್ಸಿನಲ್ಲೇ ಕೊಯ್ದು ಹಾಕಿದ್ದೆ.

ಹಾಗೆ ಕೊಯ್ಯುವುದು ನನಗೆ ಹೊಸದಲ್ಲ. ತಿರುವನಂತಪುರದ ಒಂದು ಕೇಂದ್ರ ಸರಕಾರದ ಸಂಸ್ಥೆಯಲ್ಲಿ ನಾನು ಕಂಪ್ಯೂಟರಿನ ಮೇಲೆ ಯಂತ್ರದ ಭಾಗಗಳ ನಕ್ಷೆ ಬಿಡಿಸುತ್ತೇನೆ. ಕೂದಲೆಳೆಗಿಂತ ಸಣ್ಣ ಅಳತೆಗಳನ್ನು ಬರೆದೂ ಬರೆದೂ, ಬರೆದ ಒಂದು ವಸ್ತುವನ್ನೂ ಕೈಯಲ್ಲಿ ಮುಟ್ಟದೆ ಇಪ್ಪತ್ತು ವರ್ಷ ಕಳೆದವಳು. ಆ ಹಸಿವಿಗೇ ಇರಬೇಕು, ಬಾಡಿಗೆ ಮನೆಯ ಟೆರೇಸಿನ ಮೇಲೆ ಸೈಕಲ್ ಫ್ರೇಮುಗಳನ್ನು ಕೊಯ್ಯುವುದು, ಕೂಡಿಸುವುದು ಶುರುವಾಯಿತು. ಗ್ಯಾಸ್ ಟಾರ್ಚ್ ತಂದೆ. ಚಾಲೈ ಬೀದಿಯಲ್ಲಿ ಪಾತ್ರೆ ಬೆಸೆಯುವ ಮುದುಕನ ಮುಂದೆ ನಾಲ್ಕು ಶನಿವಾರ ಕೂತು, ಬಿಳಿಗಾರ ಹಚ್ಚಿ ಹಿತ್ತಾಳೆ ಕಡ್ಡಿ ಕರಗಿಸುವುದನ್ನು ನೋಡಿ ಕಲಿತೆ. ಹುಬ್ಬಳ್ಳಿಯ ನಮ್ಮ ಕಡೆಯವರಿಗೆ ಇದನ್ನು ಹೇಳಿದರೆ, ಹೆಂಗಸು ಬೆಂಕಿ ಹಿಡಿಯುವುದು ಒಲೆಯ ಮುಂದೆ ಸಾಕಾಗಲಿಲ್ಲವೇ ಎನ್ನುತ್ತಾರೆ. ಅದಕ್ಕೇ ಹೇಳಿಲ್ಲ.

ಜೂನ್ ತಿಂಗಳಲ್ಲಿ ಇವರಿಗೆ ಕೊಚ್ಚಿಗೆ ವರ್ಗವಾಯಿತು. ಅಲ್ಲಿ ಕ್ವಾರ್ಟರ್ಸಿನಿಂದ ಬೋಟ್ ಜೆಟ್ಟಿ, ಜೆಟ್ಟಿಯಿಂದ ಆಚೆ ದಡ, ಅಲ್ಲಿಂದ ಆಫೀಸು. ಸೈಕಲ್ ಇದ್ದರೆ ಚೆನ್ನ ಎಂದು ಅವರೇ ಅಂದರು. ಆ ಒಂದು ಮಾತಿಗೆ ನಾನು ಎರಡು ತಿಂಗಳು ಟೆರೇಸ್ ಹತ್ತಿಳಿದೆ. ಮೇಲಿನ ಅಡ್ಡಕಂಬಿ ತೆಗೆದು, ಅದರ ಬದಲು ಮೊಣಕಾಲಿನ ಮಟ್ಟಕ್ಕೆ ಎರಡು ತೆಳು ಕೊಳವೆಗಳನ್ನು ಜೋಡಿಯಾಗಿ ಕೂಡಿಸುವುದು ನನ್ನ ಯೋಜನೆ. ಕಾಲನ್ನು ಹೊಸ್ತಿಲು ದಾಟಿಸಿದಂತೆ ಒಳಗೆ ಇಟ್ಟರೆ ಸಾಕು, ಹತ್ತಿದಂತೆಯೇ. ಎರಡು ಕೊಳವೆ, ಎರಡೆರಡು ತುದಿ. ಒಟ್ಟು ನಾಲ್ಕು ಬೆಸುಗೆ.

ನನ್ನ ಪದ್ಧತಿ ಒಂದಿದೆ. ಮೊದಲು ನಾಲ್ಕೂ ಕಡೆ ಹಿತ್ತಾಳೆಯ ಎರಡೆರಡು ಹನಿ ಇಟ್ಟು ಕೊಳವೆ ಅಲುಗದಂತೆ ನಿಲ್ಲಿಸುತ್ತೇನೆ. ಆಮೇಲೆ ಒಂದೊಂದಾಗಿ ಸುತ್ತಲೂ ತುಂಬುತ್ತೇನೆ. ಪೂರ್ತಿಯಾಗದ ಬೆಸುಗೆಯ ಪಕ್ಕ ಸೀಮೆಸುಣ್ಣದಿಂದ ಅಡ್ಡಗೆರೆ ಉದ್ದಗೆರೆಯ ಒಂದು ಗುರುತು. ತುಂಬಿದ ಮೇಲೆ ಒರೆಸುವುದು. ನೆನಪನ್ನು ನಂಬಬಾರದು, ಗುರುತನ್ನು ನಂಬಬೇಕು ಎಂದು ಇವರಿಗೆ ಎಷ್ಟು ಸಲ ಉಪದೇಶ ಮಾಡಿದ್ದೇನೋ.

ನವರಾತ್ರಿಯ ರಜೆಗೆ ಇವರು ಬಂದಾಗ ಮೂರು ಬೆಸುಗೆ ಮುಗಿದಿದ್ದವು. ನಾಲ್ಕನೆಯದು ಸೀಟಿನ ಕಂಬಕ್ಕೆ ತಾಗುವ ಎಡಗೊಳವೆಯ ತುದಿ, ಮೂಲೆಯಲ್ಲಿ, ಬಗ್ಗಿ ನೋಡಿದರೇ ಕಾಣುವಂಥದ್ದು. ಅಷ್ಟಮಿಯ ಸಂಜೆ ಅದಕ್ಕೆ ಟಾರ್ಚ್ ಹಚ್ಚಬೇಕೆನ್ನುವಾಗ ಕೆಳಗಿನ ಮನೆಯ ಯಜಮಾನಿ ಅಮ್ಮ ಬಿದಿರಿನ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಈ ಊರಿನಲ್ಲಿ ಆಯುಧಗಳನ್ನು ಅಷ್ಟಮಿಗೇ ಪೂಜೆಗೆ ಇಟ್ಟುಬಿಡುತ್ತಾರೆ. ದಶಮಿಯ ಬೆಳಿಗ್ಗೆ ಎತ್ತುವವರೆಗೆ ಯಾರೂ ಅವನ್ನು ಮುಟ್ಟುವಂತಿಲ್ಲ.

“ಮೋಳೇ, ರಂಡು ದಿವಸಂ ತೊಡರುತ್” ಎಂದು ಮಗಳಿಗೆ ಹೇಳಿದಂತೆ ಹೇಳಿ, ಎರಡು ದಿನ ಮುಟ್ಟಬಾರದೆಂದು ನನ್ನ ಟಾರ್ಚು, ಅರ, ಗರಗಸ ಎಲ್ಲವನ್ನೂ ತಟ್ಟೆಗೆ ಹಾಕಿಕೊಂಡು ಹೋದರು. ನಾನು ಕೆಳಗಿಳಿದು ನಾಳೆಯ ಹೋಳಿಗೆಗೆ ಬೇಳೆ ಆರಿಸತೊಡಗಿದೆ.

ನಮ್ಮಲ್ಲಿ ಖಂಡೆಪೂಜೆ ನವಮಿಗೆ. ಬೆಳಿಗ್ಗೆ ನಾನು ಹೋಳಿಗೆಯ ಹೂರಣ ರುಬ್ಬುತ್ತಿದ್ದೆ. ಪೂಜೆಗೆ ಕೂರುವ ಸೈಕಲ್ಲು ಮೈ ತೊಳೆಯದೆ ಕೂರುವುದುಂಟೇ? ಇವರು ಸೋಪಿನ ನೀರು ಹಾಕಿ ಉಜ್ಜಿ ಉಜ್ಜಿ ತೊಳೆದರು. ತೊಳೆದು ಒಣಗಿಸಿ, ಎಂದಿನಂತೆ ಬೆಸುಗೆಗಳ ಸುತ್ತ ಪುಟ್ಟಿ ಮೆತ್ತಿ ನಯ ಮಾಡಿದರು. ಪುಟ್ಟಿ ಅವರ ಖಾತೆ, ಬಣ್ಣ ನನ್ನದು. ಪೇಂಟಿನ ಬ್ರಷ್ಷು ಯಜಮಾನಿ ಅಮ್ಮನ ಲೆಕ್ಕದಲ್ಲಿ ಆಯುಧವಾಗಿರಲಿಲ್ಲ. ಮಧ್ಯಾಹ್ನ ಕೈ ತೊಳೆದು ಬಂದು ನಾನು ನೋಡಿದೆ. ಸೀಮೆಸುಣ್ಣದ ಗುರುತು ಎಲ್ಲೂ ಇಲ್ಲ. ಹಬ್ಬದ ಗಡಿಬಿಡಿಯಲ್ಲಿ ಹಿಂದಿನ ಸಂಜೆ ಅರ್ಧಕ್ಕೆ ಬಿಟ್ಟದ್ದು ನೆನಪಾಗಲೇ ಇಲ್ಲ, ಗುರುತು ಇಲ್ಲವೆಂದರೆ ಕೆಲಸ ಮುಗಿದಿದೆ. ಹಸಿರು ಬಣ್ಣ ಬಳಿದೆ.

ಸಂಜೆ ವಿಭೂತಿ, ಕುಂಕುಮ, ಚೆಂಡುಹೂವು. ನಿಂಬೆಹಣ್ಣನ್ನು ಚಕ್ರದ ಕೆಳಗಿಟ್ಟು, ಹತ್ತಿ ದಾಟಿಸಿರಿ ಎಂದೆ. ಇವರು ಹತ್ತದೆ ತಳ್ಳಿಕೊಂಡೇ ದಾಟಿಸಿದರು. “ಬಣ್ಣ ಇನ್ನೂ ಹಸೀ ಐತಿ” ಎಂದರು. ಸರಿ ಅನ್ನಿಸಿತು. ಬೇರೆ ಯಾವ ಫ್ರೇಮನ್ನಾದರೂ ನಾನೇ ಮೊದಲು ಒಂದು ಸುತ್ತು ತುಳಿದು ನೋಡುತ್ತೇನೆ. ಇದನ್ನು ಮಾತ್ರ, ಮೊದಲು ಅವರೇ ಕೂರಲಿ ಎಂಬ ಆಸೆಯಿಂದ ಮುಟ್ಟಲಿಲ್ಲ. ದಶಮಿಯ ದಿನ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಎಂದು ಹೇಳಿ, ಸೈಕಲ್ಲನ್ನು ರೈಲಿನ ಬ್ರೇಕ್ ವ್ಯಾನಿಗೆ ಹಾಕಿಸಿಕೊಂಡು ಹೋದರು.

ಮರುದಿನದಿಂದ ಬೆಳಿಗ್ಗೆ ಎಂಟೂವರೆಗೆ ಒಂದು ಫೋಟೋ ಬರತೊಡಗಿತು. ಜೆಟ್ಟಿಯ ಕಟ್ಟೆಗೆ ಒರಗಿದ ಹಸಿರು ಸೈಕಲ್ಲು, ಹಿಂದೆ ನೀರು. ಸೈಕಲ್ಲು ಇರುತ್ತಿತ್ತು, ಇವರು ಇರುತ್ತಿರಲಿಲ್ಲ. ಸವಾರ ಎಲ್ಲಿ ಎಂದು ನಾನು ಚೇಷ್ಟೆ ಮಾಡಿದರೆ ಫೋಟೋ ತೆಗೆಯೋನು ಯಾರು ಎನ್ನುತ್ತಿದ್ದರು. ಹೇಗೆ ಹೋಗುತ್ತದೆ, ಅಲುಗುತ್ತದೆಯೇ, ಸದ್ದು ಮಾಡುತ್ತದೆಯೇ ಎಂದು ದಿನಾ ಕೇಳುತ್ತಿದ್ದೆ. “ಬೆಣ್ಣಿಯಂಗ ಹೊಕ್ಕೈತಿ” ಎನ್ನುತ್ತಿದ್ದರು. ನಾನು ಉಬ್ಬಿ ಹೋಗಿದ್ದೆ.

ಹನ್ನೊಂದನೆಯ ದಿನ ನನಗೆ ರಜೆ. ಒಂದು ಮುರಿದ ಕ್ಯಾರಿಯರ್ ಬೆಸೆಯೋಣವೆಂದು ಹಿತ್ತಾಳೆ ಕಡ್ಡಿಯ ಬಿಸ್ಕತ್ತಿನ ಡಬ್ಬಿ ತೆರೆದೆ. ಪ್ರತಿ ಬೆಸುಗೆಗೂ ಒಂದರಂತೆ ಕಡ್ಡಿಯನ್ನು ಮೊದಲೇ ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಕರಗಿ ಉಳಿದ ಹೆಬ್ಬೆರಳುದ್ದದ ಮೋಟುಗಳನ್ನು ಮತ್ತೆ ಅದೇ ಡಬ್ಬಿಗೆ ಹಾಕುತ್ತೇನೆ. ಡಬ್ಬಿಯಲ್ಲಿ ಮೂರು ಮೋಟುಗಳಿದ್ದವು. ಪಕ್ಕದಲ್ಲಿ ಒಂದು ಇಡೀ ಕಡ್ಡಿ.

ಎದೆ ಧಸಕ್ಕೆಂದಿತು. ಬಿದಿರಿನ ತಟ್ಟೆ, ಸೋಪಿನ ನೀರು, ಪುಟ್ಟಿ, ಎಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಗುರುತನ್ನು ಒರೆಸಿದ್ದು ನಾನಲ್ಲ, ಪೂಜೆಯ ನೀರು.

ಗಂಟೆ ಒಂಬತ್ತೂಕಾಲು. ಫೋಟೋ ಬಂದು ಮುಕ್ಕಾಲು ಗಂಟೆಯಾಗಿತ್ತು. ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಆ ಮೂಲೆಯಲ್ಲಿ ಒಂದು ಕಪ್ಪು ಗೆರೆ ಇತ್ತು. ನೆರಳೋ ಬಿರುಕೋ ತಿಳಿಯಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಅವರ ಆಫೀಸಿನಲ್ಲಿ ಮೊಬೈಲನ್ನು ಗೇಟಿನಲ್ಲೇ ಒಪ್ಪಿಸಿ ಒಳಗೆ ಹೋಗಬೇಕು. ಸಂಜೆ ಐದೂವರೆಗೆ ವಾಪಸು ಸಿಗುತ್ತದೆ. ಇವರು ಅದನ್ನು ಜೇಬಿಗೆ ಹಾಕಿಕೊಂಡು ಸೀದಾ ಸೈಕಲ್ ಹತ್ತುವವರು, ಮತ್ತೆ ನೋಡುವುದು ಜೆಟ್ಟಿಯಲ್ಲೇ. ಆಫೀಸಿನ ಫೋನಿಗೆ ಎಂಟು ಸಲ ಪ್ರಯತ್ನಿಸಿದ ಮೇಲೆ ಯಾರೋ ಎತ್ತಿದರು. ಅವರಿಗೆ ಸೈಕಲ್ ಹತ್ತಬೇಡಿ ಅಂತ ಹೇಳಿ ಎಂದು ನನ್ನ ಮುರುಕು ಮಲಯಾಳದಲ್ಲಿ ಬೇಡಿಕೊಂಡೆ. ಆ ಮನುಷ್ಯ ನಕ್ಕು, “ಪರಯಾಂ ಚೇಚೀ, ನೋಕ್ಕಟ್ಟೆ” ಎಂದ. ಹೇಳುತ್ತೇನೆ ಅಕ್ಕಾ, ನೋಡೋಣ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಅದನ್ನು ನಂಬಿ ಮನೆಯಲ್ಲಿ ಕೂರುವ ಜಾತಿ ನನ್ನದಲ್ಲ.

ಟಾರ್ಚನ್ನು ಚೀಲಕ್ಕೆ ಹಾಕಿದೆ. ರೈಲಿನಲ್ಲಿ ಗ್ಯಾಸ್ ಒಯ್ಯುವಂತಿಲ್ಲವೆಂದು ನೆನಪಾಗಿ ತೆಗೆದೆ. ಕೊನೆಗೆ ಆ ಒಂದು ಹಿತ್ತಾಳೆ ಕಡ್ಡಿಯನ್ನು ಮಾತ್ರ ಹಿಡಿದುಕೊಂಡು ತಂಪಾನೂರಿನ ರೈಲು ಸ್ಟೇಷನ್ನಿಗೆ ಆಟೋ ಹತ್ತಿದೆ.

ರೈಲಿನಲ್ಲಿ ಇಡೀ ದಾರಿ ನಾನು ಲೆಕ್ಕ ಹಾಕಿದೆ. ಎಪ್ಪತ್ತೆಂಟು ಕಿಲೋದ ಗಂಡಸು, ಮೂರು ಗಟ್ಟಿ ಬೆಸುಗೆ, ಎರಡು ಹನಿಯ ಮೇಲೆ ನಿಂತ ನಾಲ್ಕನೆಯದು. ಮುರಿಯದೆಯೂ ಇರಬಹುದು. ಹತ್ತು ದಿನ ತಡೆದಿದೆಯಲ್ಲ. ಆದರೆ ಹತ್ತು ದಿನ ತಡೆದದ್ದು ಹನ್ನೊಂದಕ್ಕೆ ಹೋಗುವುದು ಹೀಗೆಯೇ ಎಂದು ನನಗೆ ಗೊತ್ತು. ಉಕ್ಕು ಮೊದಲು ಹೇಳಿ ಮುರಿಯುವುದಿಲ್ಲ. ಕೊಲ್ಲಂ ದಾಟುವಾಗ ಆಪರೇಷನ್ ಕೋಣೆಯ ಹೊರಗೆ ಕೂತ ಆರು ಗಂಟೆ ನೆನಪಾಗಿ ಅಳು ಬಂತು. ಎದುರಿನ ಹೆಂಗಸು ಬಾಳೆಕಾಯಿ ಚಿಪ್ಸಿನ ಪೊಟ್ಟಣ ನನ್ನತ್ತ ನೀಡಿದಳು. ತೆಗೆದುಕೊಂಡು ಕೈಯಲ್ಲೇ ಹಿಡಿದು ಕೂತೆ. ಎರ್ನಾಕುಲಂ ಹತ್ತಿರ ರೈಲು ಸ್ಟೇಷನ್ನಿನ ಹೊರಗೆ ನಲವತ್ತು ನಿಮಿಷ ನಿಂತಿತು. ಇಳಿದು ಹಳಿಯ ಮೇಲೆ ನಡೆದುಬಿಡಲೇ ಅನ್ನಿಸಿತ್ತು.

ಗೇಟು ತಲುಪಿದಾಗ ಐದು ಇಪ್ಪತ್ತೈದು. ಐದೂವರೆ ದಾಟಿ ಜನ ಹೊರಬಿದ್ದರು. ಸ್ಕೂಟರುಗಳ ನಡುವೆ ಹಸಿರು ಬಣ್ಣ ಕಂಡದ್ದೇ ತಡ, ನಾನು ರಸ್ತೆಯೆಂಬುದನ್ನೂ ಮರೆತು ಕೂಗಿದೆ.

“ರೀ, ಹತ್ತಬ್ಯಾಡ್ರಿ! ಸೈಕಲ್ ಹತ್ತಬ್ಯಾಡ್ರಿ!”

ಕಾವಲಿನವರೆಲ್ಲ ತಿರುಗಿ ನೋಡಿದರು. ಇವರು ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದವರು ನಿಂತುಬಿಟ್ಟರು. ಮುಖ ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮೊದಲು ಹ್ಯಾಂಡಲ್ಲಿನಿಂದ ಕೈ ತೆಗೆದು ಮತ್ತೆ ಹಿಡಿದರು.

“ಯಾರ್ ಹೇಳಿದ್ರು ನಿನಗ?” ಎಂದರು.

“ಏನು ಹೇಳೂದು?”

“ನಾ ಹತ್ತಂಗಿಲ್ಲ ಅನ್ನೂದು.”

ನನಗೆ ಅರ್ಥವಾಗಲಿಲ್ಲ. ಇವರು ನೆಲ ನೋಡುತ್ತ ಹೇಳಿದರು. “ಒಂದ ದಿನಾನೂ ಹತ್ತಿಲ್ಲ. ಕಾಲು ಒಳಗ ಇಡ್ತೀನಿ. ಸೀಟಿನ ಮ್ಯಾಲ ಕುಂಡ್ರಬೇಕು ಅನ್ನೂದ್ರಾಗ ಕಾಲಾಗಿನ ಬಲಾನ ಹೋಗಿಬಿಡ್ತೈತಿ. ಬಿದ್ರ ಏನ್ ಗತಿ ಅಂತ. ದಿನಾ ಜೆಟ್ಟೀತನಕ ತಳಕೊಂಡು ಹೋಗಿ ಫೋಟೋ ತಗೀತೀನಿ. ನೀ ಎರಡು ತಿಂಗಳು ಕೈ ಸುಟ್ಕೊಂಡು ಮಾಡೀದಿ. ಅಂಜ್ತೀನಿ ಅಂತ ಯಾವ ಬಾಯಿಲೆ ಹೇಳ್ಲಿ?”

ನಾನು ಫುಟ್‌ಪಾತಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಮೊದಲು ಜೀವ ಬಂತು. ಅದರ ಹಿಂದೆಯೇ ಸಿಟ್ಟು ಬಂತು, ಹತ್ತು ದಿನ ನನ್ನನ್ನು ಉಬ್ಬಿಸಿದ್ದಕ್ಕೆ. ಸಿಟ್ಟಿನ ಹಿಂದೆ ನಾಚಿಕೆ. ಇವರ ಕಾಲಿನ ಉದ್ದ ಅಳೆದಿದ್ದೆ, ಸೊಂಟದ ಎತ್ತರ ಅಳೆದಿದ್ದೆ, ಮೊಣಕಾಲು ಎಷ್ಟು ಮಡಚುತ್ತದೆಂದು ಗೋಡೆಯ ಮೇಲೆ ಗೆರೆ ಹಾಕಿದ್ದೆ. ಅಂಜಿಕೆ ಬರುತ್ತದೆಯೇ ಎಂದು ಒಂದು ಸಲವೂ ಕೇಳಿರಲಿಲ್ಲ.

ಆಮೇಲೆ ನನ್ನ ಸರದಿ. ಮನೆಯ ಕೀಲಿಕೈಯಿಂದ ಆ ಮೂಲೆಯ ಪುಟ್ಟಿ ಕೆರೆದು ತೋರಿಸಿದೆ. ಹಿತ್ತಾಳೆಯ ಎರಡು ಹನಿ, ಅವುಗಳ ನಡುವೆ ಉಗುರು ಒಳಗೆ ಹೋಗುವಷ್ಟು ಸಂದು. ಚೀಲದಿಂದ ಕಡ್ಡಿ ತೆಗೆದು ಅವರ ಕೈಗಿಟ್ಟೆ, ಇದೇ ಹಾಕುವುದು ಬಿಟ್ಟಿದ್ದು ಎಂದು. ಅವರು ಸಂದಿನೊಳಗೆ ಉಗುರು ಹಾಕಿ ನೋಡಿದರು.

“ನಾ ಹತ್ತಿದ್ರ?” ಎಂದು ಕೇಳಿದರು.

“ಗೊತ್ತಿಲ್ರಿ” ಎಂದೆ. ಸುಳ್ಳು ಹೇಳಲು ಇಬ್ಬರಿಗೂ ಶಕ್ತಿ ಉಳಿದಿರಲಿಲ್ಲ.

ಸೈಕಲ್ಲನ್ನು ನಡುವೆ ಇಟ್ಟುಕೊಂಡು ಜೆಟ್ಟಿಯವರೆಗೆ ನಡೆದೆವು. ಆ ಶನಿವಾರ ಅದು ತಿರುವನಂತಪುರಕ್ಕೆ ವಾಪಸು ಬಂತು. ಬಣ್ಣ ಪೂರ್ತಿ ಕೆರೆದು, ನಾಲ್ಕನೆಯ ಬೆಸುಗೆಯನ್ನು ಹಗಲು ಬೆಳಕಿನಲ್ಲಿ, ಇವರನ್ನು ಎದುರಿಗೆ ಕೂರಿಸಿಕೊಂಡು ತುಂಬಿದೆ. ತಣ್ಣಗಾದ ಮೇಲೆ ನಾನೇ ಹತ್ತಿ ಬೀದಿಯಲ್ಲಿ ಇಪ್ಪತ್ತು ಸುತ್ತು ಹಾಕಿದೆ, ಗುಂಡಿ ಇದ್ದಲ್ಲೆಲ್ಲ ಬೇಕೆಂದೇ ಇಳಿಸಿದೆ. ಹೊಸ ಬಣ್ಣ ಒಣಗಿದ ಮೇಲೆ ಆ ಬೆಸುಗೆಯ ಪಕ್ಕ ಮತ್ತೆ ಗುರುತು ಹಾಕಿದೆ. ಈ ಸಲ ಸೀಮೆಸುಣ್ಣವಲ್ಲ, ಕೆಂಪು ಉಗುರುಬಣ್ಣ.

“ಮುಗೀತಲ್ಲ, ಮತ್ಯಾಕ ಗುರುತು?” ಎಂದರು.

“ನನ್ನ ಕೆಲಸ ಮುಗೀತು. ನಿಮ್ಮ ಅಂಜಿಕಿ ಮುಗಿದ ದಿನ ನೀವ ಅಳಸ್ರಿ. ನಾ ಕೇಳಂಗಿಲ್ಲ.”

ಕೇಳಲಿಲ್ಲ. ಹಾಗಿರುವುದು ನನಗೆ ಬೆಂಕಿ ಹಿಡಿಯುವುದಕ್ಕಿಂತ ಕಷ್ಟವಾಯಿತು. ಮತ್ತೆ ಬೆಳಿಗ್ಗೆ ಎಂಟೂವರೆಗೆ ಫೋಟೋ ಬರತೊಡಗಿತು, ದಿನವೂ ಆ ಕೆಂಪು ಗುರುತಿನೊಂದಿಗೆ. ತಳ್ಳಿಕೊಂಡು ಹೋಗಿ ತೆಗೆದದ್ದೆಂದು ಅವರೂ ಮುಚ್ಚಿಡಲಿಲ್ಲ. ಹೀಗೇ ನಾಲ್ಕು ವಾರ. ಒಂದು ಭಾನುವಾರ ಕೊಚ್ಚಿಗೆ ಹೊರಡುವಾಗ ಇವರು ನನ್ನ ಕನ್ನಡಿಯ ಮುಂದಿನ ಸಾಮಾನುಗಳನ್ನೆಲ್ಲ ಎತ್ತಿ ಎತ್ತಿ ನೋಡುತ್ತಿದ್ದರು.

“ಆ ಉಗುರಬಣ್ಣ ತಗಿಯೂ ನೀರಿನ ಬಾಟ್ಲಿ ಎಲ್ಲೈತಿ?”

ತೆಗೆದುಕೊಟ್ಟೆ. ಸೋರದಿರಲೆಂದು ಪ್ಲಾಸ್ಟಿಕ್ ಸುತ್ತಿ, ಸ್ವಲ್ಪ ಹತ್ತಿಯನ್ನೂ ಇಟ್ಟೆ.

ಬುಧವಾರ ನಾನು ತಡವಾಗಿ ತೆರೆದು ನೋಡಿದ ಫೋಟೋದಲ್ಲಿ ಗುರುತು ಇರಲಿಲ್ಲ. ಆಫೀಸಿನಲ್ಲಿ ನಕ್ಷೆಯ ಮುಂದೆ ಕೂತಿದ್ದ ನನ್ನ ಎದೆ ಮತ್ತೆ ಧಸಕ್ಕೆಂದಿತು. ಅಂದರೆ ಈಗ ನಿಜವಾಗಿಯೂ ಹತ್ತಿದ್ದಾರೆ. ಗೊತ್ತಿದ್ದೂ ಫೋನ್ ಮಾಡಿದೆ, ಸ್ವಿಚ್ ಆಫ್. ಸಂಜೆ ಐದೂವರೆಯವರೆಗೆ ಒಂದು ಗೆರೆ ನೆಟ್ಟಗೆ ಎಳೆಯಲಾಗಲಿಲ್ಲ.