ಐದನೆಯ ಗುಂಡಿ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಥೆರಪಿ ಸೆಂಟರಿನಲ್ಲಿ ಕನ್ನಡತಿ ಕಮಲಾ ಹತ್ತೊಂಬತ್ತು ವರ್ಷಗಳಿಂದ ವಿಶೇಷ ಮಕ್ಕಳಿಗೆ ತಾವೇ ಉಣ್ಣುವುದನ್ನು, ಬಟ್ಟೆ ತೊಡುವುದನ್ನು ಕಲಿಸುತ್ತಿದ್ದಾಳೆ. ಮಗು ಎಷ್ಟೇ ಒದ್ದಾಡಲಿ, ನೆರವಿಗೆ ಹೋಗಬಾರದು. ಅದಕ್ಕೇ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂರುತ್ತಾಳೆ, ತಾಯಂದಿರನ್ನೂ ಹಾಗೇ ಕೂರಿಸುತ್ತಾಳೆ. ಸುಮ್ಮನೆ ಕೂತು ಇಷ್ಟು ದಣಿಯಬಹುದೆಂದು ಅವಳ ಮನೆಯವರು ಯಾರೂ ನಂಬುವುದಿಲ್ಲ.

ಅಂದು ಕೊನೆಗೆ ಬಂದವಳು ಏಳು ವರ್ಷದ ಲಕ್ಷ್ಮೀಪ್ರಸನ್ನ. ಮಾತು ಬಾರದ ಹುಡುಗಿ. ಎಂಟು ತಿಂಗಳಿಂದ ಅಂಗಿಯ ಐದು ಗುಂಡಿ ಹಾಕಲು ಕಲಿಯುತ್ತಿದ್ದಳು. ನಾಲ್ಕು ಹಾಕುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಪಕ್ಕದಲ್ಲಿ ಕೂತಿದ್ದ ತಾಯಿ ಮಾಧವೀಲತಾ ತನ್ನ ತವರಿನ, ಈಗ ಅರ್ಧ ತೆಲುಗಾದ ಕನ್ನಡದಲ್ಲಿ, "ಬಸ್ಸಿಗೆ ಟೈಮಾಯ್ತಂಡಿ ಮೇಡಂ, ಇವತ್ತೊಂದಿನ ನಾನೇ ಹಾಕ್ಬಿಡ್ತೀನಿ" ಅಂದಳು.

"ಸುಮ್ನಿರಿ ನೀವು! ಕೈ ಹಿಂದೆ!" ಎಂದು ಗದರಿದ ಕಮಲಾ, ಗದರುತ್ತಲೇ ಬಾಗಿ, ಐದನೆಯ ಗುಂಡಿಯನ್ನು ತಾನೇ ಹಾಕಿಬಿಟ್ಟಳು. ಹಾಕಿದ ಮೇಲಷ್ಟೇ ಅವಳಿಗೆ ಗೊತ್ತಾಯಿತು.

ಹುಡುಗಿ ಆ ಗುಂಡಿಯನ್ನು ಬಿಚ್ಚಿದಳು. ಆಮೇಲೆ ಕಮಲಾಳ ಕೈಗಳನ್ನು ಒಂದೊಂದಾಗಿ ಹಿಡಿದು, ಅವಳ ಬೆನ್ನ ಹಿಂದಕ್ಕೆ ಸರಿಸಿದಳು.