ಮೂರನೆಯ ಪರಿವರ್ತಕದ ಅಲೆ

ಯಂತ್ರಗಳಲ್ಲಿ ದೆವ್ವ ಕಂಡೆ ಎಂದು ಯಾರಾದರೂ ಹೇಳಿದರೆ, ಅವರು ಅರ್ಥ್ ತಂತಿಯನ್ನು ಎಲ್ಲಿ ತಪ್ಪಾಗಿ ಜೋಡಿಸಿದ್ದರು ಎಂದು ಮನಸ್ಸಿನಲ್ಲೇ ಹುಡುಕುತ್ತಿದ್ದವಳು ನಾನು. ಈಗ ಹಾಗೆ ಹುಡುಕುವ ಧೈರ್ಯ ಕಡಿಮೆಯಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಯೋಗಾಲಯ ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿತ್ತು. ಕೆಳಗಿನ ಗಾಳಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯ ಕೋಣೆಯಲ್ಲಿ, ದಿನವಿಡೀ ತಗಡು ಬಡಿಯುತ್ತಿದ್ದರು. ಅತಿ ವೇಗವಾಗಿ ಬದಲಾಗುವ ವಿದ್ಯುತ್ ಸಂಕೇತವನ್ನು ಅಂಕಿಗಳಾಗಿ ಪರಿವರ್ತಿಸುವ ಚಿಪ್ ನಮ್ಮದು. ಒಂದೇ ಪರಿವರ್ತಕಕ್ಕೆ ಅಷ್ಟು ವೇಗ ಸಾಧ್ಯವಿಲ್ಲ. ಹಾಗಾಗಿ ಎಂಟು ಪರಿವರ್ತಕಗಳು ಸರದಿಯ ಪ್ರಕಾರ ಒಂದೊಂದು ಮಾದರಿ ತೆಗೆದುಕೊಳ್ಳುತ್ತವೆ. ಯಾವುದಾದರೂ ಒಂದು ತುಸು ತಡಮಾಡಿದರೂ ಒಟ್ಟು ಫಲಿತಾಂಶ ಕೆಡುತ್ತದೆ. ನಮ್ಮದರಲ್ಲಿ ಮೂರನೆಯದು ತಡಮಾಡುತ್ತಿತ್ತು. ಅದನ್ನು ತಿದ್ದುವ ಭಾಗವನ್ನು ವಿನ್ಯಾಸ ಮಾಡಿದವಳು ನಾನು.

ತಂಡದ ಮುಖ್ಯಸ್ಥರು ವಿಜಯಪುರದ ಕಡೆಯವರು. ನನ್ನ ಮೌನ ಅವರಿಗೆ ಸೊಕ್ಕಿನಂತೆ ಕಾಣುತ್ತಿತ್ತು. ಮಾಲೀಕರಿಗೆ ಚಿಪ್ ತೋರಿಸುವ ಹಿಂದಿನ ಮಧ್ಯಾಹ್ನ, ಫಲಿತಾಂಶ ಇಷ್ಟು ಚೆನ್ನಾಗಿ ಬರಲು ಸಾಧ್ಯವೇ ಇಲ್ಲ, ಕಂಪ್ಯೂಟರಿನಲ್ಲಿ ಹುಟ್ಟಿಸಿದ ಅಂಕಿಗಳನ್ನು ನಾನು ತೋರಿಸುತ್ತಿದ್ದೇನೆ ಎಂದರು. ಆ ಮಾತನ್ನು ಮಾಲೀಕರು ನಂಬಿದರೆ ಈ ಕೆಲಸದಲ್ಲಿ ನನಗೆ ಎಲ್ಲಿಯೂ ಜಾಗವಿರುತ್ತಿರಲಿಲ್ಲ.

"ಮೇಡಂ ಮಾತಾಡಂಗಿಲ್ಲ, ಅವರ ಚಿಪ್ ಮಾತ್ರ ಭಾರಿ ಮಾತಾಡ್ತೈತಿ," ಎಂದು ನಕ್ಕು, ಚಿಪ್ಪಿಗೆ ಪರೀಕ್ಷೆಯ ಸಂಕೇತ ಕಳಿಸುವ ಸಿಗ್ನಲ್ ಜನರೇಟರಿನ ಕೇಬಲನ್ನು ತಾವೇ ಬೋರ್ಡಿನಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. "ಈಗ ಓಡಸ್ರಿ. ಒಳಗ ಏನೂ ಹೋಗೂದಿಲ್ಲ. ಆದ್ರೂ ಅಲಿ ಬಂತಂದ್ರ ನಿಮ್ಮ ಕಳ್ಳತನ ಸಿಕ್ತು."

ಓಡಿಸಿದೆ. ಪರದೆಯ ಮೇಲೆ ಏಳು ಪರಿವರ್ತಕಗಳ ಗೆರೆಗಳು ಸಪಾಟಾಗಿದ್ದವು. ಮೂರನೆಯದರಲ್ಲಿ ಶುಭ್ರವಾದ ಅಲೆ.

"ನೋಡ್ರಿ! ಹಳೇ ಡೇಟಾ!"

"ಹಾಗಾದ್ರೆ ನೀವೇ ಜನರೇಟರಿನ ನಾಬ್ ತಿರುಗಿಸಿ, ಸರ್," ಎಂದೆ.

ಒಂದು ಕೈಯಲ್ಲಿ ಕೇಬಲ್ ಹಿಡಿದೇ ಇನ್ನೊಂದರಿಂದ ತಿರುಗಿಸಿದರು. ಪರದೆಯ ಮೇಲಿನ ಅಲೆ ಒತ್ತೊತ್ತಾಯಿತು. ಹಿಂದಕ್ಕೆ ತಿರುಗಿಸಿದರು, ಸಡಿಲವಾಯಿತು. ಹಳೆಯ ಅಂಕಿಗಳು ಹಾಗೆ ಬದಲಾಗುವುದಿಲ್ಲ. ಗಾಳಿಯಲ್ಲಿ ಸಂಕೇತ ಸೋರಿತೇ ಎಂದರೆ, ಎಂಟಕ್ಕೂ ಒಳಬರುವ ದಾರಿ ಒಂದೇ. ಮೂರನೆಯದನ್ನು ತಲುಪಿದ್ದು ಉಳಿದವನ್ನೂ ತಲುಪಬೇಕಿತ್ತು. ಅವರು ಜನರೇಟರನ್ನೇ ಆರಿಸಿದರು. ಅಲೆ ನಿಲ್ಲಲಿಲ್ಲ.

"ಬಸ್. ಬಂದ್ ಮಾಡ್ರಿ," ಎಂದು ಹೇಳಿ, ನನ್ನ ಮುಖ ನೋಡದೆ ಹೊರಟುಹೋದರು.

ಮರುದಿನ ಮಾಲೀಕರ ಮುಂದೆ ಕೇಬಲ್ ಬಿಚ್ಚಿ ಓಡಿಸಿದಾಗ ಎಂಟೂ ಗೆರೆಗಳು ಸಪಾಟಾಗಿದ್ದವು. ಆದರೆ ಮುಖ್ಯಸ್ಥರು ಮಾಲೀಕರಿಗೆ ಹೇಳಿದರು: "ನಿನ್ನಿ ಕೇಬಲ್ ತಗದ್ರೂ ಅಲಿ ಬರ್ತಿತ್ತು, ಸಾಹೇಬ್ರ. ರಾತ್ರೋರಾತ್ರಿ ಅಳಿಸ್ಯಾರ."

"ನೀವು ನಾಬ್ ತಿರುಗಿಸಿದಾಗ ಅದು ಬದಲಾಯ್ತಲ್ಲ, ಸರ್?"

"ಯಾವ ನಾಬ್?"

ಮಾಲೀಕರು ನನ್ನ ಕಡೆ ತಿರುಗಿದರು. ಆರಿಸಿದ ಯಂತ್ರದಿಂದ, ಬಿಚ್ಚಿದ ತಂತಿಯ ಮೂಲಕ, ಎಂಟರಲ್ಲಿ ಒಂದಕ್ಕೆ ಮಾತ್ರ ಸಂಕೇತ ಬಂತು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಕೆಲಸ ಹೋಯಿತು.

ಆಮೇಲೆ ಬಾಂದ್ರಾದಲ್ಲಿ ಬೇರೆ ಬಗೆಯ ಕೆಲಸ ಸಿಕ್ಕಿತು. ಆ ಅಲೆಯನ್ನು ಎಷ್ಟೋ ಬಗೆಯಲ್ಲಿ ಲೆಕ್ಕಹಾಕಿ ನೋಡಿದ್ದೇನೆ. ಯಾವ ಲೆಕ್ಕವೂ ಕೂಡಿಬಂದಿಲ್ಲ.

ಕೆಲಸ ಹೋದ ಮೇಲೆ ನನ್ನ ಸಾಮಾನು ತರಲು ಜೋಗೇಶ್ವರಿಗೆ ಹೋದ ದಿನ ಮುಖ್ಯಸ್ಥರೊಬ್ಬರೇ ಆ ಬೋರ್ಡಿನ ಮುಂದೆ ಕುಳಿತಿದ್ದರು. ಕೇಬಲ್ ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು. ನನ್ನನ್ನು ಕಂಡ ಕೂಡಲೇ ಎರಡೂ ಕೈಗಳನ್ನು ಪರದೆಗೆ ಅಡ್ಡವಿಟ್ಟರು.