ಗೌರವ್ವನ ಅಳತೆಯ ಗಾಡಿ

"ಬರೂ ಭಾವುಬೀಜಕ್ಕ ನಿನಗೊಂದು ಗಾಡಿ ಮಾಡಿ ತರ್ತೇನಿ. ಯಾರೂ ನಿನ್ನ ಎತ್ತಬಾರ್ದು. ನೀನ ಹತ್ತಬೇಕು, ನೀನ ಹೊಡೀಬೇಕು."

೧೯೯೬ರ ದೀಪಾವಳಿಯಲ್ಲಿ ಕೇದಾರಿ ಚೌಗುಲಾ ತಮ್ಮ ತಂಗಿ ಗೌರವ್ವನಿಗೆ ಕೊಟ್ಟ ಮಾತಿದು. ಭಾವುಬೀಜದ ದಿನ ತಂಗಿ ಆರತಿ ಬೆಳಗಿದರೆ ಅಣ್ಣ ತಟ್ಟೆಗೆ ಏನಾದರೂ ಹಾಕಬೇಕು. ಅವರ ಬಳಿ ಹಾಕಲು ಬೇರೇನೂ ಇರಲಿಲ್ಲ, ಮಾತು ಹಾಕಿದರು. ಆಗ ಅಣ್ಣನಿಗೆ ಇಪ್ಪತ್ತೊಂದು, ತಂಗಿಗೆ ಹದಿನೇಳು. ಗೌರವ್ವನ ಎತ್ತರ ಮೂರು ಅಡಿ ಐದು ಇಂಚು. ಅಂದಿಗೂ ಅಷ್ಟೇ, ಇಂದಿಗೂ ಅಷ್ಟೇ.

ಈಗ ಬೆಳಗಿನ ಐದೂಕಾಲು. ಇಚಲಕರಂಜಿಯ ಈ ಓಣಿಯಲ್ಲಿ ರಾತ್ರಿ ಪಾಳಿಯ ಮಗ್ಗಗಳು ಇನ್ನೂ ನಿಂತಿಲ್ಲ. ಚಪ್ಪಲಿಯ ಕೆಳಗೆ ನೆಲ ಸಣ್ಣಗೆ ನಡುಗುತ್ತದೆ. ಮೊಣಕಾಲೆತ್ತರದ ಒಂದು ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಹಿಡಿದು, ನಡು ಬಗ್ಗಿಸಿಕೊಂಡೇ ಓಡುತ್ತಿದ್ದಾರೆ ಐವತ್ತು ವರ್ಷದ ಕೇದಾರಿ. ಸೀಟಿನ ಮೇಲೆ ಮೂವತ್ತೈದು ಕಿಲೋ ಉಸುಕಿನ ಚೀಲ. ಅದು ಗೌರವ್ವನ ತೂಕ. ಚೀಲದ ಮೇಲೆ ಹಗ್ಗ ಬಿಗಿದು ಕಟ್ಟಿದ ಪಾತೇಲಿ, ಅದರ ತುಂಬ ನೀರು. ಮುಚ್ಚಳ ಇಲ್ಲ. ಲೈಟಿನ ಕಂಬ ದಾಟುತ್ತಲೇ ಬ್ರೇಕು ಹಿಡಿಯುತ್ತಾರೆ. ಗಾಡಿ ನಾಲ್ಕು ಹೆಜ್ಜೆ ಉರುಳಿ ನಿಲ್ಲುತ್ತದೆ. ನೀರು ಅಂಚಿಗೆ ಬಂದು, ಒಂದಿಷ್ಟು ಚೆಲ್ಲಿ, ಹಿಂದಕ್ಕೆ ಸರಿಯುತ್ತದೆ.

"ಇನ್ನೂ ಚೆಲ್ಲಾಕತ್ತೈತ್ರಿ," ಎನ್ನುತ್ತ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆಯುತ್ತಾರೆ. ಬ್ರೇಕು ಹಿಡಿದು ನೋಡಿದ ಸಲಕ್ಕೊಂದರಂತೆ, ಎಣಿಸಿದರೆ ನೂರ ಹನ್ನೆರಡು ಗೆರೆಗಳಿವೆ. ಭಾವುಬೀಜಕ್ಕೆ ಇನ್ನು ಹನ್ನೊಂದು ದಿನ.

ಬಾಗಿಲಲ್ಲಿ ನಿಂತ ಹೆಂಡತಿ ಅಲಕಾ ಮರಾಠಿ ಮನೆತನದವರು. ಮದುವೆಯಾಗಿ ಬಂದ ಮೇಲೆ ಕನ್ನಡ ಕಲಿತವರು, ಈಗ ಬೈಯುವುದೆಲ್ಲ ಕನ್ನಡದಲ್ಲೇ. "ಅಹೋ, ನಮ್ಮ ನಳಕ್ಕ ನೀರು ಬರೂದು ಮೂರು ದಿನಕ್ಕೊಮ್ಮೆ. ನೀವು ನೋಡಿದ್ರ ರಸ್ತಾಕ್ಕ ಕುಡಸ್ತೀರಿ. ನಾಳೆ ಚಾ ಕೇಳಬ್ಯಾಡ್ರಿ ಮತ್ತ!"

"ನಾಳೆ ಚೆಲ್ಲಂಗಿಲ್ಲ ಬಿಡ."

"ನಿನ್ನೇನೂ ಹಿಂಗ ಅಂದ್ರಿ," ಎಂದು ಅಲಕಾ ಒಳಗೆ ಹೋಗಿ ಇನ್ನೊಂದು ತಂಬಿಗೆ ನೀರು ತಂದು ಪಾತೇಲಿಗೆ ಸುರಿಯುತ್ತಾರೆ.

ಕೇದಾರಿ ಪವರ್‌ಲೂಮಿನ ಜಾಬರ್. ಅಂದರೆ ಮಗ್ಗ ಕೆಟ್ಟರೆ ಸರಿಮಾಡುವವರು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರತನಕ ಇಪ್ಪತ್ತನಾಲ್ಕು ಮಗ್ಗ ಅವರ ಸುಪರ್ದಿ. ಒಂದೊಂದು ಮಗ್ಗದಲ್ಲಿ ಲಾಳಿ ನಿಮಿಷಕ್ಕೆ ನೂರ ಅರವತ್ತು ಸಲ ಅತ್ತಿಂದಿತ್ತ ಹಾರುತ್ತದೆ. ಆ ಗದ್ದಲದಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ. ಆದರೆ ಹದಿನೇಳನೆಯ ಮಗ್ಗದ ಒಂದು ನಟ್ಟು ಸಡಿಲಾದರೆ ಮೂರನೆಯ ಮಗ್ಗದ ಹತ್ತಿರ ನಿಂತ ಕೇದಾರಿಗೆ ಗೊತ್ತಾಗುತ್ತದೆ. ವಾರದಲ್ಲಿ ಆರು ದಿನ ಹೀಗೆ. ಗಾಡಿಗೆ ಸಿಗುವುದು ಬೆಳಗಿನ ಐದರಿಂದ ಏಳರವರೆಗೆ, ಎರಡೇ ಗಂಟೆ.

ಹುಟ್ಟಿದ್ದು ಗಡಹಿಂಗ್ಲಜ ಹತ್ತಿರದ ಒಂದು ಹಳ್ಳಿಯಲ್ಲಿ. ಹತ್ತೊಂಬತ್ತಕ್ಕೆ ಇಚಲಕರಂಜಿಯ ಮಗ್ಗಕ್ಕೆ ಬಂದರು. ಗೌರವ್ವ ಊರಲ್ಲೇ ಉಳಿದರು, ಹತ್ತನೆಯ ತರಗತಿ ಪಾಸಾದರು. ಕಾಲೇಜಿಗೆ ಹೆಸರು ಹಚ್ಚಿಸಲು ಗಡಹಿಂಗ್ಲಜಕ್ಕೆ ಹೋದ ದಿನ, ಎಸ್.ಟಿ. ಸ್ಟ್ಯಾಂಡಿನ ಮುಂದೆ ನೆಂಟರೊಬ್ಬರು ಅವರನ್ನು ಕಂಕುಳಲ್ಲಿ ಕೈಹಾಕಿ ಎತ್ತಿ ಸ್ಕೂಟರಿನ ಮೇಲೆ ಕೂರಿಸಿದರು. ನೋಡಿದವರು ನಕ್ಕರು. ಗೌರವ್ವ ಜಿಗಿದು ಇಳಿದು ಏಳು ಕಿಲೋಮೀಟರು ನಡೆದು ಮನೆಗೆ ಬಂದರು. ಕಾಲೇಜಿಗೆ ಮತ್ತೆ ಹೋಗಲಿಲ್ಲ. ಭಾವುಬೀಜದ ಮಾತು ಬಂದದ್ದು ಆ ವರ್ಷವೇ.

ಹಾಗಾದರೆ ಇಷ್ಟು ವರ್ಷ ಯಾಕೆ ಬೇಕಾಯಿತು? ಕೇದಾರಿ ನೆಪ ಹೇಳುವುದಿಲ್ಲ. "ಆಗಲಿಲ್ಲರಿ. ಲಗ್ನ ಆತು, ಎರಡು ಹೆಣ್ಣಮಕ್ಕಳಾದುವು. ಬೆಳಿಗ್ಗೆ ಅವರ ಡಬ್ಬಿ, ಸಂಜಿಗೆ ಅವರ ಅಭ್ಯಾಸ. ಒಂದಕ್ಕ ಜ್ವರ ಬಿಟ್ರ ಇನ್ನೊಂದಕ್ಕ ಬರೂದು." ಇದನ್ನು ಮಕ್ಕಳಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದೂ ಎಷ್ಟೋ ಮಾತುಗಳು ಮಕ್ಕಳ ಅಂಗಿಯ ತೋಳು ಗಿಡ್ಡವಾದಷ್ಟು ಬೇಗ ಹಳೆಯವಾಗುತ್ತವೆ. ಆದರೆ ಪ್ರತಿ ದೀಪಾವಳಿಗೆ ಆರತಿ ಮುಗಿದ ಮೇಲೆ ಗೌರವ್ವ ನಗುತ್ತಲೇ ಅಂಗಳದ ಕಡೆ ಕತ್ತು ಚಾಚಿ ಕೇಳುತ್ತಿದ್ದರಂತೆ: "ಗಾಡಿ ಎಲ್ಲಿ ಹಚ್ಚಿ ಬಂದಿ, ಅಣ್ಣಾ?"

ಏಳು ವರ್ಷದ ಹಿಂದೆ ಮಗ್ಗದ ಮಾಲೀಕ ಜಯಪಾಲ ಶೇಟರು ಎಂಟು ಹಳೆಯ ಮಗ್ಗಗಳನ್ನು ಒಡೆದು ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಲು ಹೊರಟರು. ಲಾರಿ ಬರುವ ಮುನ್ನ ಕೇದಾರಿ ಹೋಗಿ ಕೈಕಟ್ಟಿ ನಿಂತರು.

"ಏ ಕೇದಾರಿ, ಮಂದಿ ಇಷ್ಟು ವರ್ಷ ದುಡದ್ರ ಶಾಲು ಕೇಳತಾರ, ಶ್ರೀಫಳ ಕೇಳತಾರ. ನೀ ಭಂಗಾರ ಕೇಳತೀಯಲ್ಲೋ!" ಎಂದು ಶೇಟರು ನಕ್ಕರಂತೆ. "ತಗೊಂಡ ಹೋಗ. ಆದ್ರ ಏನು ಮಾಡತೀ ಅಂತ ನನಗ ಮೊದಲ ತೋರಸಬೇಕು."

ಹಾಗೆ ಸಿಕ್ಕಿತು ಕಬ್ಬಿಣ. ಗಾಲಿಗಳು ನೂಲು ಸುತ್ತಿದ ಬೀಮಿನ ಉರುಳೆ ಸಾಗಿಸುವ ಕೈಗಾಡಿಯವು. ಎಂಜಿನ್ನು ಕೊಲ್ಲಾಪುರದ ಭಂಗಾರದ ಅಂಗಡಿಯಲ್ಲಿ ಸಿಕ್ಕಿದ, ಬೆಳೆಗೆ ಔಷಧ ಹೊಡೆಯುವ ಪಂಪಿನದು. ಹಗ್ಗ ಜಗ್ಗಿದರೆ ಶುರುವಾಗುತ್ತದೆ, ಕಿಕ್ ಹೊಡೆಯಬೇಕಾಗಿಲ್ಲ. ಸರಪಳಿ ಮಕ್ಕಳ ಸೈಕಲ್ಲಿನದು. ಕಾಲಿಡುವ ಕಟ್ಟಿಗೆ, ಮಗ್ಗದಲ್ಲಿ ಲಾಳಿಯನ್ನು ಒಗೆಯುವ ಕೋಲಿನ ತುಂಡು. ಸೀಟಿನೊಳಗೆ ತುಂಬಿದ್ದು ಹರಿದುಳಿದ ನೂಲು. ತಂಗಿಯ ಅಳತೆ ತೆಗೆದದ್ದೂ ನೂಲಿನಿಂದಲೇ. ಟೇಪು ಹಿಡಿದರೆ ಗೌರವ್ವನಿಗೆ ಸೇರುವುದಿಲ್ಲ, ಡಾಕ್ಟರರು ಅಳೆದಂತೆ ಆಗುತ್ತದೆ ಎನ್ನುತ್ತಾರೆ. ಆರತಿಗೆ ಕುಳಿತಾಗ ಕೇದಾರಿ ಮಾತಾಡುತ್ತಲೇ ದಾರ ಹಿಡಿದು ಕಾಲಿಗೊಂದು, ತೋಳಿಗೊಂದು, ಬೆರಳಿಗೊಂದು ಗಂಟು ಹಾಕಿಕೊಂಡು ಬಂದರು.

ಮೊದಲ ಗಾಡಿ ಅರವತ್ತೆರಡು ಕಿಲೋ ಆಯಿತು. ಮಗ್ಗದ ಮಂದಿಗೆ ಭಾರವೆಂದರೆ ಭರವಸೆ. ಭಾರ ಇದ್ದಷ್ಟೂ ಮಗ್ಗ ಅಲುಗುವುದಿಲ್ಲ. ಜಯಪಾಲ ಶೇಟರು ಸುತ್ತು ಹಾಕಿ ನೋಡಿ, "ಗಾಡಿ ಅಲ್ಲೋ ಇದು, ಗಾಲಿ ಹಚ್ಚಿದ ಮಗ್ಗ!" ಎಂದರು. ಭಾರ ತಡೆದುಕೊಳ್ಳಬಹುದಿತ್ತು. ತಪ್ಪಾದದ್ದು ಬ್ರೇಕಿನಲ್ಲಿ.

ಅದು ಜಾಬರ್ ಮಾತ್ರ ಮಾಡಬಹುದಾದ ತಪ್ಪು. ಮಗ್ಗದಲ್ಲಿ ಒಂದು ಎಳೆ ಹರಿದರೆ ಆ ಕ್ಷಣವೇ ಮಗ್ಗ ನಿಲ್ಲಬೇಕು. ಇನ್ನೊಂದು ಸಲ ಲಾಳಿ ಹಾರಿದರೂ ಬಟ್ಟೆಯಲ್ಲಿ ಕಲೆ. ಹಾಗೆ ತಟ್ಟನೆ ನಿಲ್ಲಿಸುವ ಬ್ರೇಕು ಕೂರಿಸುವುದೇ ಜಾಬರನ ಕಸುಬುಗಾರಿಕೆ. ಕೇದಾರಿ ತಮಗೆ ಗೊತ್ತಿದ್ದ ಅತ್ಯುತ್ತಮ ಬ್ರೇಕನ್ನೇ ತಂಗಿಯ ಗಾಡಿಗೆ, ಅದೂ ಮುಂದಿನ ಗಾಲಿಗೆ ಕೂರಿಸಿದರು. ೨೦೨೩ರ ಭಾವುಬೀಜಕ್ಕೆ ಊರಿಗೆ ಒಯ್ದರು. ಗೌರವ್ವ ತಾವೇ ಹತ್ತಿದರು. ಅಂಗಳದ ತುಂಬ ಮಂದಿ. ಇಪ್ಪತ್ತು ಹೆಜ್ಜೆ ಹೋಗಿ ಬ್ರೇಕು ಹಿಡಿದರು. ಗಾಡಿ ನಿಂತಿತು, ಗೌರವ್ವ ನಿಲ್ಲಲಿಲ್ಲ. ಹ್ಯಾಂಡಲ್ ಮೇಲಿಂದ ಹಾರಿ ಬಿದ್ದು ಹೆಗಲ ಎಲುಬು ಮುರಿಯಿತು.

ದವಾಖಾನೆಯಲ್ಲಿ ಕೇದಾರಿ ಅಳುತ್ತ ಬ್ರೇಕಿನ ವಿವರ ಹೇಳಿದರಂತೆ. ಮಗ್ಗದ ಬ್ರೇಕು ಎಂದು ಗೊತ್ತಾದಾಗ ಗೌರವ್ವ ಅಂದದ್ದು ಇಷ್ಟೇ: "ಅಣ್ಣಾ, ನಾ ನೂಲಲ್ಲೋ, ಹರದ್ರ ಗಂಟು ಹಾಕಾಕ."

ಆಮೇಲೆ ಗಾಡಿಯ ಸುದ್ದಿಯನ್ನು ಮನೆಯಲ್ಲಿ ಯಾರೂ ತೆಗೆಯಲಿಲ್ಲ. ಊರವರು ಅದಕ್ಕೆ 'ಸರ್ಕಸ್' ಎಂದು ಹೆಸರಿಟ್ಟರು. ಕೇದಾರಿ ಮಾತ್ರ ಅದನ್ನು ಮರಳಿ ತಂದು ಕೊನೆಯ ನಟ್ಟಿನವರೆಗೆ ಬಿಚ್ಚಿದರು. "ಮಗ್ಗಕ್ಕ ತಟ್ನ ನಿಂದ್ರೂದು ಕಲಿಸಿದವ ನಾ. ಗಾಡಿಗೆ ಸಾವಕಾಶ ನಿಂದ್ರೂದು ಕಲಸಬೇಕಿತ್ತು. ನನಗ ಬರತಿದ್ದಿಲ್ಲ. ಕಲ್ತೇನಿ," ಎನ್ನುತ್ತಾರೆ. ಈಗ ಬ್ರೇಕು ಹಿಂದಿನ ಗಾಲಿಗಿದೆ. ಸೈಕಲ್ಲಿನ ರಬ್ಬರು, ಅದರ ಹಿಂದೆ ಮೆತ್ತನೆಯ ಸ್ಪ್ರಿಂಗು. ಹಿಡಿಕೆಯನ್ನು ಗಿಡ್ಡ ಬೆರಳಿಗೆ ಎಟಕುವಂತೆ ಬಾಗಿಸಿದ್ದಾರೆ. ಗಾಡಿಯ ತೂಕ ಇಪ್ಪತ್ತೇಳು ಕಿಲೋ, ಸೀಟಿನ ಎತ್ತರ ಹದಿಮೂರು ಇಂಚು. ಇಪ್ಪತ್ತರ ಮೇಲೆ ವೇಗ ಹೋಗದಂತೆ ಕಟ್ಟಿದ್ದಾರೆ. ನೋಂದಣಿ ಇಲ್ಲದ ಗಾಡಿ ಡಾಂಬರಿನ ರಸ್ತೆಗೆ ಇಳಿಯುವಂತಿಲ್ಲ, ಗೌರವ್ವನಿಗೆ ಬೇಕಾದದ್ದೂ ಸ್ವಂತ ಹೊಲದ ಬದಿಯ ದಾರಿಯೇ.

ಈ ಸಲ ಬೇಕಾಗಿರುವುದು ಹಠಕ್ಕಲ್ಲ. ಗೌರವ್ವ ಊರಿನ ಹಾಲಿನ ಡೇರಿಯಲ್ಲಿ ಹಾಲು ಅಳೆದು ಫ್ಯಾಟ್ ನೋಡುವವರು. ಹದಿನೆಂಟು ವರ್ಷದ ಕೆಲಸ. ನೂರ ನಲವತ್ತು ಮನೆಯ ಹಾಲು ಅವರ ಕೈಯ ಮೇಲೆ ಹಾಯುತ್ತದೆ. ಹೊಲದ ಮನೆಯಿಂದ ಡೇರಿಗೆ ಕಬ್ಬಿನ ನಡುವೆ ಎರಡು ಕಿಲೋಮೀಟರು. ಮೊಣಕಾಲು ಸವೆದಿವೆ. ಈಗ ಆ ದಾರಿಗೆ ಒಂದು ತಾಸು ಹಿಡಿಯುತ್ತದೆ. ಮಳೆಗಾಲದಲ್ಲಿ ನಾಲ್ಕು ಸಲ ತಡವಾಯಿತು, ಮಂದಿ ಕ್ಯಾನು ಹಿಡಿದು ನಿಂತರು. ದೀಪಾವಳಿಯಾದ ಮೇಲೆ ಬೆಳಿಗ್ಗೆ ಆರಕ್ಕೆ ಬರಲಾಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಡೇರಿಯವರು ಹೇಳಿದ್ದಾರೆ. ಅವರನ್ನು ದೂರುವಂತಿಲ್ಲ, ಹಾಲು ಯಾರಿಗೂ ಕಾಯುವುದಿಲ್ಲ.

ಯಾರದಾದರೂ ಬೈಕಿನ ಹಿಂದೆ ಕುಳಿತು ಬರಬಹುದಲ್ಲ? ಫೋನಿನಲ್ಲಿ ಕೇಳಿದರೆ ಗೌರವ್ವ ಹೇಳುತ್ತಾರೆ: "ನಲವತ್ತಾರು ವರ್ಷದಾಕಿ ನಾ. ಎಮ್ಮಿ ಕರಾ ಎತ್ತಿದಂಗ ಎತ್ತತಾರ್ರಿ. ಮನಸ ಒಳ್ಳೇದ ಐತಿ ಅವರದು. ಆದ್ರ ಒಬ್ಬರೂ ಕೇಳಂಗಿಲ್ಲ, ಎತ್ತಲೇನು ಅಂತ." ಹೊಸ ಗಾಡಿ ಹತ್ತುತ್ತೀರಾ ಎಂದರೆ, "ತರಲಿ, ನೋಡೂಣು," ಎಂದಷ್ಟೇ ಹೇಳಿ ಇಡುತ್ತಾರೆ.

ಭಾವುಬೀಜದ ಹಿಂದಿನ ಸಂಜೆ, ಬಟ್ಟೆಯ ಗಂಟು ಹೊತ್ತ ಟೆಂಪೊ ಒಂದರಲ್ಲಿ ಗಾಡಿ ಗಡಹಿಂಗ್ಲಜ ದಾಟುತ್ತದೆ. ಅದಕ್ಕೂ ಹಿಂದಿನ ದಿನ ನೂರ ಮೂವತ್ತೊಂದನೆಯ ಗೆರೆ ಎಳೆದಾಗ ಪಾತೇಲಿಯ ನೀರು ಚೆಲ್ಲಿರಲಿಲ್ಲ. ಅಂಗಳದಲ್ಲಿ ಇಳಿಸಿದ ಗಾಡಿಯನ್ನು ಗೌರವ್ವ ಸುತ್ತಿ ನೋಡುತ್ತಾರೆ. ಬ್ರೇಕಿನ ಹಿಡಿಕೆಯನ್ನು ಒತ್ತಿ ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಅಡುಗೆಮನೆಗೆ ಹೋಗುತ್ತಾರೆ.

ಮರುದಿನ ಬೆಳಿಗ್ಗೆ ಐದಕ್ಕೆ ಹೊರಡಬೇಕಾದವರು ಹೊರಡುವುದಿಲ್ಲ. ಐದೂಕಾಲು ಆಯಿತು, ಐದೂವರೆ ಆಯಿತು. ಅಲಕಾ ಗಡಿಯಾರ ನೋಡುತ್ತಾರೆ, ಕೇದಾರಿ ಅಂಗಳದಲ್ಲಿ ಅತ್ತಿಂದಿತ್ತ. ಐದೂ ಮೂವತ್ತೈದಕ್ಕೆ ಗೌರವ್ವ ಸೆರಗು ಬಿಗಿದುಕೊಂಡು ಹೊರಗೆ ಬರುತ್ತಾರೆ. ಇನ್ನು ನಡೆದರೆ ಆರಕ್ಕೆ ಮುಟ್ಟುವ ಮಾತೇ ಇಲ್ಲ.

"ಬೇಕಂತ ಹೊತ್ತು ಮಾಡೇನಿ," ಎನ್ನುತ್ತಾರೆ. "ನಡಿಯೂ ದಾರಿ ಇಟ್ಕೊಂಡ್ರ ಗಾಡಿ ಹತ್ತಾಕ ಮನಸ ಬರತಿದ್ದಿಲ್ಲ."

ಗಾಡಿಯ ಹತ್ತಿರ ಬರುತ್ತಾರೆ. ಕೇದಾರಿ ಮುಂದೆ ಹೋಗಿ ಬಗ್ಗುತ್ತಾರೆ. ಎರಡೂ ಕೈ ತಂಗಿಯ ಕಂಕುಳ ಕೆಳಗೆ ಹೋಗಿವೆ. ಹೋದದ್ದು ಅವರಿಗೇ ಗೊತ್ತಾದಂತಿಲ್ಲ.

"ಕೈ ತಗಿ, ಅಣ್ಣಾ."

ಕೇದಾರಿ ಬೆಂಕಿ ತಾಗಿದವರಂತೆ ಕೈ ಹಿಂದಕ್ಕೆ ತೆಗೆಯುತ್ತಾರೆ. ಗೌರವ್ವ ಸೀರೆ ತುಸು ಮೇಲೆತ್ತಿ ಕಾಲು ದಾಟಿಸಿ ಕೂರುತ್ತಾರೆ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿವೆ. ಹಗ್ಗ ಜಗ್ಗುತ್ತಾರೆ. ಇಲ್ಲ. ಮತ್ತೆ ಜಗ್ಗುತ್ತಾರೆ. ಇಲ್ಲ. ಮೂರನೆಯದಕ್ಕೆ ಎಂಜಿನ್ನು ಹಿಡಿಯುತ್ತದೆ.

"ಹಿಂದ ಓಡಿ ಬರಬ್ಯಾಡ. ಮಂದಿ ನಗತಾರ."

ಕಬ್ಬಿನ ಸಾಲಿನ ನಡುವೆ ಸಣ್ಣ ದೀಪವೊಂದು ಹೋಗುತ್ತದೆ. ಇನ್ನೂರು ಹೆಜ್ಜೆಯಾಚೆ ತಿರುವಿನಲ್ಲಿ ಎತ್ತಿನ ಗಾಡಿಯೊಂದು ಎದುರಿಗೆ ಬರುತ್ತದೆ. ಕೇದಾರಿಯ ಬೆರಳುಗಳು ಕೈಯಲ್ಲಿಲ್ಲದ ಬ್ರೇಕನ್ನು ಒತ್ತುತ್ತವೆ. ದೀಪ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ನಿಲ್ಲುತ್ತದೆ. ಎತ್ತುಗಳು ದಾಟುತ್ತವೆ. ದೀಪ ಮತ್ತೆ ಹೊರಡುತ್ತದೆ.

ಕೇದಾರಿಯವರ ಜೊತೆ ನಾವು ನಡೆದು ಡೇರಿ ಮುಟ್ಟುವಾಗ ಆರು ದಾಟಿದೆ. ಗೌರವ್ವ ತಮ್ಮ ಕಟ್ಟಿಗೆ ಸ್ಟೂಲಿನ ಮೇಲೆ ನಿಂತು ಹಾಲು ಅಳೆಯುತ್ತಿದ್ದಾರೆ. ಬಂದದ್ದು ಆರಕ್ಕೆ ಹನ್ನೆರಡು ನಿಮಿಷ ಇರುವಾಗ ಎಂದು ಸಾಲಿನಲ್ಲಿದ್ದವರು ಹೇಳುತ್ತಾರೆ. ಅಣ್ಣ ಬಂದು ನಿಂತರೂ ತಲೆ ಎತ್ತುವುದಿಲ್ಲ. "ಬಾಜೂಕ ಸರೀರಿ, ಹಾಲು ತಂದವರಿಗೆ ಜಾಗಾ ಬಿಡ್ರಿ," ಎನ್ನುತ್ತಾರೆ.

ಕೇದಾರಿ ಬದಿಗೆ ಸರಿದು ನಿಲ್ಲುತ್ತಾರೆ. "ಬ್ರೇಕ್ ಛಲೋ ಕುಂತೈತಿ," ಎನ್ನುತ್ತಾರೆ, ಯಾರಿಗೋ ಎಂಬಂತೆ.

ಕೊಟ್ಟ ಮಾತಿಗೆ ಒಂದು ವರ್ಷದ ಗಡುವಿತ್ತು. ಇಪ್ಪತ್ತೆಂಟು ವರ್ಷ ತಡವಾಗಿ, ಅದು ನಡೆದಿದೆ.